ಬೊಮ್ಮಣ್ಣ ಕಂಡ ಅಣಬೆ

ಹೊಳೆಯಾಚೆ, ಕಾಡಿನಂಚಿನಲ್ಲಿ, ಮುಪ್ಪಯ್ಯನವರ ಆಶ್ರಮ. ಅಲ್ಲಿ ಅವರ ಜೊತೆ ಇಬ್ಬರೇ ಶಿಷ್ಯರು. ಬೊಮ್ಮಣ್ಣ ಹಳಬ. ಸಾತವ್ವ ಆ ಬೇಸಿಗೆಯಲ್ಲಿ ಬಂದವಳು.

ಸಾತವ್ವ ಕೇಳುವ ಪ್ರಶ್ನೆಗಳು ಗುರುಗಳಿಗೆ ಹಿಡಿಸುತ್ತಿದ್ದವು. ಅದು ಬೊಮ್ಮಣ್ಣನಿಗೆ ಹಿಡಿಸುತ್ತಿರಲಿಲ್ಲ.

ಗುಡುಗಿನ ಮಳೆ ಬಿದ್ದು ಕಾಡಿನಲ್ಲಿ ಅಣಬೆ ಎದ್ದವು. ಸಾತವ್ವ ಬುಟ್ಟಿ ತುಂಬ ಕಿತ್ತು ತಂದಳು. ಒಣಗಿಸಿಟ್ಟರೆ ಮಳೆಗಾಲಕ್ಕಾಗುತ್ತದೆ ಎಂದಳು.

ಗುರುಗಳು ಬೊಮ್ಮಣ್ಣನನ್ನು ಕರೆದರು. "ನಿನಗೆ ಅಣಬೆಯ ಜಾತಿ ಗೊತ್ತು. ನನ್ನ ಕಣ್ಣು ಮೊದಲಿನಂತಿಲ್ಲ. ಅವಳ ಜೊತೆ ಕೂತು ನೋಡು."

ಇಬ್ಬರೂ ಜಗಲಿಯಲ್ಲಿ ಕೂತರು. ಸಾತವ್ವ ಒಂದೊಂದನ್ನೇ ಎತ್ತಿ ಮಣ್ಣು ಕೊಡವಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬುಡ ಕೊಯ್ದು, ಸೀಳಿ ಮೊರದಲ್ಲಿ ಹರಡಿದಳು.

"ಏನಾದರೂ ಕಂಡರೆ ಹೇಳು ಬೊಮ್ಮಣ್ಣ. ನನಗೆ ಇದೆಲ್ಲ ಅಷ್ಟು ತಿಳಿಯದು."

ಅವನಿಗೆ ಕಂಡಿತು. ಒಂದರ ಬುಡದಲ್ಲಿ ಬಿಳಿಯ ಬಟ್ಟಲಿನಂಥ ಪೊರೆ ಇತ್ತು. ವಿಷದ್ದು.

ಗುರುಗಳ ಮುಂದೆಯೇ ತೋರಿಸೋಣ, ಇವಳ ಜಾಣತನ ಅವರಿಗೂ ಗೊತ್ತಾಗಲಿ ಎಂದುಕೊಂಡು ಸುಮ್ಮನಾದ.

ಅಷ್ಟರಲ್ಲಿ ಅವಳು ಅದರ ಬುಡ ಕೊಯ್ದು ಎಸೆದಿದ್ದಳು. ಉಳಿದದ್ದು ಸೀಳಾಗಿ ಮೊರದಲ್ಲಿ ಬೆರೆತುಹೋಯಿತು. ಯಾವುದು ಯಾವುದೆಂದು ಅವನಿಗೂ ತಿಳಿಯಲಿಲ್ಲ.

ಸಂಜೆ ಗುರುಗಳು ಕೇಳಿದರು, "ಎಲ್ಲ ನೋಡಿದೆಯಾ?"

ಈಗ ಹೇಳಿದರೆ ಆಗಲೇ ಯಾಕೆ ಹೇಳಲಿಲ್ಲ ಎಂಬ ಮಾತು ಬರುತ್ತದೆ.

"ನೋಡಿದೆ," ಎಂದ.

ಅಣಬೆ ಬಿಸಿಲಿನಲ್ಲಿ ಒಣಗಿ ಗರಿಗರಿಯಾಯಿತು. ಸಾತವ್ವ ಅದನ್ನು ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿಟ್ಟಳು. ಗಡಿಗೆಯನ್ನೇ ಹೊಳೆಗೆ ಸುರಿದುಬಿಡಬೇಕೆಂದು ಬೊಮ್ಮಣ್ಣ ಎಷ್ಟೋ ಸಲ ಎದ್ದ. ಸುರಿದರೆ ಕಾರಣ ಹೇಳಬೇಕಲ್ಲ ಎಂದು ಮತ್ತೆ ಕೂತ.

ಮಳೆ ಹಿಡಿಯಿತು. ಹೊಳೆ ತುಂಬಿತು. ತರಕಾರಿ ಮುಗಿಯಿತು. ಒಂದು ಮಧ್ಯಾಹ್ನ ಸಾತವ್ವ ಗಡಿಗೆ ಇಳಿಸಿ ಅಣಬೆ ಸಾರು ಮಾಡಿದಳು.

ಗುರುಗಳಿಗೆ ಜ್ವರವಿತ್ತು. ಗಂಜಿ ಸಾಕೆಂದರು. ಬೊಮ್ಮಣ್ಣನ ಎದೆ ಹಗುರಾಯಿತು.

"ನಿನಗೆ ಬಡಿಸಲಾ ಬೊಮ್ಮಣ್ಣ?"

"ಬೇಡ. ನನಗಿವತ್ತು ಉಪವಾಸ."

ಸಾತವ್ವ ಒಬ್ಬಳೇ ಉಂಡಳು. ಚೆನ್ನಾಗಿದೆ, ನೀವಿಬ್ಬರೂ ತಪ್ಪಿಸಿಕೊಂಡಿರಿ ಎಂದು ನಕ್ಕಳು.

ಮರುದಿನ ವಾಂತಿ ಶುರುವಾಯಿತು. ನಡುವೆ ಸ್ವಲ್ಪ ಸುಧಾರಿಸಿದಂತೆ ಕಂಡಳು. ಆಮೇಲೆ ಕಣ್ಣು ಹಳದಿಯಾಯಿತು. ವೈದ್ಯರನ್ನು ಕರೆತರಲು ಉಕ್ಕುವ ಹೊಳೆ ದಾರಿ ಬಿಡಲಿಲ್ಲ. ಕೊನೆಗೆ ಅವಳು ಗುರುತೂ ಹಿಡಿಯದಾದಳು.

ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಗುರುಗಳು ಕೇಳಿದರು, "ಅವತ್ತು ನಿನ್ನದು ಯಾವ ಉಪವಾಸ?"

ಬೊಮ್ಮಣ್ಣ ಅವರ ಕಾಲ ಬಳಿ ಕೂತ. ಎಲ್ಲ ಹೇಳಿದ. ಹೇಳಿ ಮುಗಿಸಿ, "ನಾನು ಸುಳ್ಳಾಡಲಿಲ್ಲ ಗುರುಗಳೇ. ನೋಡಿದೆ ಎಂದೆ. ನೋಡಿದ್ದೆ," ಎಂದ.

"ಹೌದು. ಅದಕ್ಕೇ ನಂಬಿದೆ."

"ನನ್ನನ್ನು ಇಲ್ಲಿಂದ ಓಡಿಸಿ."

"ಓಡಿಸಿದರೆ ನಿನಗೆ ಸುಲಭವಾದೀತು."

"ಏನಾದರೂ ಶಿಕ್ಷೆ ಕೊಡಿ."

ಗುರುಗಳು ಸಾತವ್ವನ ಸೀರೆಗಳನ್ನು ಮಡಚಿ ಗಂಟು ಕಟ್ಟುತ್ತ ಕೂತರು.

ಹೊಳೆ ಇಳಿಯಿತು. ಸುದ್ದಿ ಮುಟ್ಟಿಸಿದರು. ಸಾತವ್ವನ ತಾಯಿ ದೋಣಿಯಲ್ಲಿ ಬಂದಳು. ಮುದುಕಿ ದಂಡೆ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು. ಮಗಳು ಕಾಯಿಲೆ ಬಿದ್ದು ಹೋದಳು ಎಂದಷ್ಟೇ ಅವಳಿಗೆ ಗೊತ್ತಿತ್ತು.

"ಸ್ವಲ್ಪ ನೀರು ಕೊಡಪ್ಪ," ಎಂದಳು ಬೊಮ್ಮಣ್ಣನಿಗೆ.

ಅವನು ಒಳಗೆ ಓಡಿ ಚೊಂಬು ತುಂಬಿದ. ಬಾಗಿಲಲ್ಲಿ ಗುರುಗಳು ಅಡ್ಡ ನಿಂತಿದ್ದರು.

"ಮೊದಲು ಹೇಳು. ಆಮೇಲೆ ಚೊಂಬು ಚಾಚು. ನಿನ್ನ ಕೈನೀರು ಕುಡಿಯುವುದೋ ಬಿಡುವುದೋ, ಅವಳು ತಿಳಿದು ಮಾಡಲಿ."