ಪೂರ್ತಿ ಅಂಕದ ಮಾತು

“ಗುರುಗಳೇ, ಒಬ್ಬನಿಗೆ ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಬರುತ್ತದೆ ಎಂದು ತಿಳಿಯುವುದು ಹೇಗೆ?”

ಹೀಗೆ ಕೇಳಿದವಳು ಸರ್ವಮಂಗಳಾ. ಅವಳು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಳು. ಕಾಲೇಜಿನವರು ಅವಳಿಗೆ ಹೊಸದೊಂದು ಕೆಲಸ ಒಪ್ಪಿಸಿದ್ದರು. ಓದು ಮುಗಿಸುತ್ತಿರುವ ವಿದ್ಯಾರ್ಥಿಗಳಿಗೂ ಈಗಾಗಲೇ ಕೆಲಸದಲ್ಲಿರುವ ಎಂಜಿನಿಯರುಗಳಿಗೂ ಹೊಂದುವಂಥ ಒಂದು ಪರೀಕ್ಷೆಯನ್ನು ಅವಳು ಸಿದ್ಧಪಡಿಸಬೇಕಾಗಿತ್ತು. ಅದರಲ್ಲಿ ತೇರ್ಗಡೆಯಾದವರು ಕೆಲಸದ ಜಾಗದಲ್ಲಿ ಇಂಗ್ಲಿಷಿಗಾಗಿ ತಡವರಿಸಬಾರದು ಎಂಬುದು ಉದ್ದೇಶ. ಪ್ರಶ್ನೆಗಳು ಸಿದ್ಧವಾಗಿದ್ದವು. ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬುದು ಮಾತ್ರ ಇನ್ನೂ ಬಗೆಹರಿದಿರಲಿಲ್ಲ.

“ಪರೀಕ್ಷೆ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಅಳುಕು” ಎಂದರು ಗುರುಗಳು. “ಅವರು ಅಳೆಯಲು ಬರುವುದನ್ನು ಅಳೆಯುತ್ತಾರೆ. ಜನ ಅವರು ಅಳೆದದ್ದನ್ನೇ ಕಲಿಯುತ್ತಾರೆ. ಕೂತುಕೋ ತಾಯಿ, ಒಂದು ಕತೆ ಹೇಳುತ್ತೇನೆ. ಸಂತೋಷದ ಕತೆಯಲ್ಲ, ಮೊದಲೇ ಹೇಳಿಬಿಡುತ್ತೇನೆ.”

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರಿದ್ದರು. ನಿನಗೆ ಬಂದ ಕೆಲಸವೇ ಅವರಿಗೂ ಬಂತು. ಅವರು ಸೋಮಾರಿಯಲ್ಲ, ಹೇಗೋ ಕೈ ತೊಳೆದುಕೊಳ್ಳುವ ಜಾತಿಯವರೂ ಅಲ್ಲ. ವ್ಯಾಕರಣದ ಪುಸ್ತಕ ನೋಡಿ ಪ್ರಶ್ನೆ ತೆಗೆದರೆ ಅದು ಕೆಲಸದ ಪರೀಕ್ಷೆಯಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಅವರು ಕಾರ್ಖಾನೆಗಳಿಗೂ ಕಂಪನಿಗಳಿಗೂ ಹೋಗಿ, ನಿಮ್ಮ ಎಂಜಿನಿಯರುಗಳ ಇಂಗ್ಲಿಷಿನಲ್ಲಿ ಏನು ಕೊರತೆ ಕಾಣುತ್ತೀರಿ ಎಂದು ಕೇಳಿದರು. ಕೇಳಿದ್ದು ಸರಿಯೇ. ಆದರೆ ಅವರು ಕುರ್ಚಿಯಲ್ಲಿ ಕೂತವರನ್ನು ಕೇಳಿದರು. ಆ ಕುರ್ಚಿಯ ಮುಂದೆ ನಿಂತು ಮಾತಾಡಬೇಕಾದವರನ್ನು ಕೇಳಲಿಲ್ಲ.

ಕುರ್ಚಿಯಲ್ಲಿದ್ದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ಹುಡುಗರಿಗೆ ಕೆಲಸ ಬರುತ್ತದೆ, ಮಾತು ಮಾತ್ರ ಒರಟು. ಮೇಲಿನವರ ಜೊತೆ ಆಜ್ಞೆ ಮಾಡುವ ಹಾಗೆ ಮಾತಾಡುತ್ತಾರೆ. ಆಗುವುದಿಲ್ಲ ಎಂದರೆ ಆಗುವುದಿಲ್ಲ ಎಂದುಬಿಡುತ್ತಾರೆ. ಹೊರದೇಶದವರು ಕೂತ ಸಭೆಯಲ್ಲಿ ನಮಗೆ ಮುಜುಗರವಾಗುತ್ತದೆ. ಅದನ್ನೊಂದು ತಿದ್ದಿಕೊಡಿ ಮೇಷ್ಟ್ರೇ, ದೊಡ್ಡ ಉಪಕಾರವಾಗುತ್ತದೆ ಎಂದರು.

ಮೇಷ್ಟ್ರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಪರೀಕ್ಷೆಯಲ್ಲಿ ಗಿರಾಕಿಗೆ ಉತ್ತರ ಬರೆಯುವುದು, ಯಂತ್ರದ ಕೆಲಸ ವಿವರಿಸುವುದು, ಇವೆಲ್ಲ ಇದ್ದವು. ಜೊತೆಗೆ, ಅಹಿತವಾದ ಸುದ್ದಿಯನ್ನು ಮೇಲಧಿಕಾರಿಗೆ ತಿಳಿಸುವುದು ಎಂಬ ಒಂದು ಭಾಗವನ್ನೂ ಸೇರಿಸಿದರು. ನೇರವಾಗಿ ಹೇಳಿದವನಿಗೆ ಕಡಿಮೆ ಅಂಕ. ಕ್ಷಮೆ ಕೇಳಿ ಆರಂಭಿಸಿ, ಬಹುಶಃ ಎಂದು ಸೇರಿಸಿ, ತಮಗೆ ಬಿಡುವಾದಾಗ ಎಂದು ಮುಗಿಸಿದವನಿಗೆ ಪೂರ್ತಿ ಅಂಕ. ಕಂಪನಿಗಳು ಪರೀಕ್ಷೆಯನ್ನು ನೋಡಿ ಬಹಳ ಮೆಚ್ಚಿದವು. ಇದರಲ್ಲಿ ತೇರ್ಗಡೆಯಾಗದವನಿಗೆ ಕೆಲಸವಿಲ್ಲ ಎಂಬಲ್ಲಿಗೆ ಬಂತು.

ಅದೇ ಊರಿನ ಬಸ್‌ನಿಲ್ದಾಣದ ಪಕ್ಕದಲ್ಲಿ ಒಬ್ಬ ಪಂಚರ್ ಅಂಗಡಿಯವನಿದ್ದ. ಅವನ ಮಗ ಎಂಜಿನಿಯರಿಂಗ್ ಓದಿದ್ದ. ಓದಿನಲ್ಲಿ ಚುರುಕು, ಮಾತಿನಲ್ಲಿ ಅಪ್ಪನ ಹಾಗೆ ಕಡ್ಡಿ ಮುರಿದ ಹಾಗೆ. ಪರೀಕ್ಷೆಯಲ್ಲಿ ಅವನಿಗೆ ಒಂದು ಸಂದರ್ಭ ಕೊಟ್ಟರು. ಯಂತ್ರವೊಂದರ ರಕ್ಷಣೆಯ ಮುಚ್ಚಳ ಸಡಿಲವಾಗಿದೆ, ಮೇಲಧಿಕಾರಿಗೆ ತಿಳಿಸು. ಯಂತ್ರ ನಿಲ್ಲಿಸಿ, ಯಾರದಾದರೂ ಕೈ ಹೋಗುತ್ತದೆ, ಎಂದು ಹುಡುಗ ಒಂದೇ ಉಸಿರಿನಲ್ಲಿ ಹೇಳಿದ. ಇಂಗ್ಲಿಷಿನಲ್ಲಿಯೇ ಹೇಳಿದ, ತಪ್ಪಿಲ್ಲದೆ ಹೇಳಿದ. ಆದರೂ ಆ ಭಾಗದಲ್ಲಿ ಅವನು ಫೇಲಾದ.

ಅವನು ಮೇಷ್ಟ್ರ ಮನೆಗೆ ಬಂದು ಕೇಳಿದ. “ಸರ್, ನಾನು ಹೇಳಿದ್ರಲ್ಲಿ ಏನ್ ತಪ್ಪಿದೆ?”

“ವಿಷಯದಲ್ಲಿ ತಪ್ಪಿಲ್ಲಪ್ಪ. ಹಾಗೆ ಹೇಳಿದರೆ ಕೇಳಿದವರು ಗಾಬರಿಯಾಗುತ್ತಾರೆ.”

“ಗಾಬರಿಯಾಗ್ಲಿ ಅಂತಾನೇ ಅಲ್ವಾ ಸರ್ ಹೇಳೋದು?”

ಮೇಷ್ಟ್ರು ನಕ್ಕರು. ಹುಡುಗನ ಮೇಲೆ ಅವರಿಗೆ ನಿಜವಾದ ಪ್ರೀತಿ ಹುಟ್ಟಿತು. ದಿನಾ ಸಂಜೆ ಕೂಡಿಸಿಕೊಂಡು ಪುಕ್ಕಟೆ ಕಲಿಸಿದರು. ಹುಡುಗನ ಮಾತಿನ ಒಂದೊಂದು ಮೊನೆಯನ್ನೂ ಉಜ್ಜಿ ನಯ ಮಾಡಿದರು. ಮುಂದಿನ ಸಲ ಅವನಿಗೆ ಪೂರ್ತಿ ಅಂಕ ಬಂತು. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಪೇಡ ಹಂಚಿದ.

ಹುಡುಗನಿಗೆ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ನೆಲದಡಿ ದೊಡ್ಡ ಕೊಳವೆಗಳನ್ನು ಹೂಳುವ ಕಂಪನಿ ಅದು. ಸೈಟಿನಲ್ಲಿ ಆಳುಗಳು ಆಳವಾದ ಗುಂಡಿ ತೋಡುತ್ತಿದ್ದರು, ಅದರೊಳಗೆ ಇಳಿದು ಕೊಳವೆ ಜೋಡಿಸುತ್ತಿದ್ದರು. ಕೆಲಸ ನಿಲ್ಲಿಸುವ ಅಧಿಕಾರ ಹುಡುಗನಿಗಿರಲಿಲ್ಲ. ಅದು ದೂರದ ಪಟ್ಟಣದ ಕಚೇರಿಯಲ್ಲಿದ್ದ ಮೇಲಧಿಕಾರಿಗಳದು. ಅವರು ಬೇರೆ ಬೇರೆ ಕಡೆಯವರಾದ್ದರಿಂದ ಫೋನಿನಲ್ಲಿ ನಡೆಯುವ ಸಭೆಯೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುತ್ತಿತ್ತು. ಆ ಮಾತುಗಳನ್ನು ಧ್ವನಿಮುದ್ರಿಸಿ ಇಡುವುದು ಕಚೇರಿಯ ರೂಢಿ.

ಒಂದು ಬೆಳಿಗ್ಗೆ ಹುಡುಗ ಗುಂಡಿಯ ಅಂಚಿನ ಉದ್ದಕ್ಕೂ ಮಣ್ಣು ಬಿರುಕು ಬಿಟ್ಟಿದ್ದನ್ನು ಕಂಡ. ಅದರ ಅರ್ಥ ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಭೆಯಲ್ಲಿ ವಿಷಯ ತಿಳಿಸಿದ. ಮೇಲಧಿಕಾರಿಗಳು ಅವನಿಗೆ ಧನ್ಯವಾದ ಹೇಳಿದರು, ಮುಂದಿನ ವಾರದ ಸಭೆಯಲ್ಲಿ ಅದನ್ನು ಚರ್ಚಿಸೋಣ ಎಂದರು. ಕೆಲಸ ಮುಂದುವರಿಯಿತು.

ಮಧ್ಯಾಹ್ನ ಬಿರುಕು ಅಗಲವಾಯಿತು. ಹುಡುಗ ಯಾರ ಅಪ್ಪಣೆಗೂ ಕಾಯದೆ ಗುಂಡಿಯತ್ತ ಓಡಿದ. ಮೇಲೆ ಬನ್ನಿ ಎಂದು ಕನ್ನಡದಲ್ಲಿ ಕೂಗಿದ. ಆಳುಗಳು ಅವನ ದನಿ ಕೇಳಿಯೇ ಹೆದರಿ, ಕೈಲಿದ್ದುದನ್ನು ಅಲ್ಲೇ ಎಸೆದು ಏಣಿ ಹತ್ತಿದರು. ವಯಸ್ಸಾದ ಒಬ್ಬನಿಗೆ ಹತ್ತಲಾಗಲಿಲ್ಲ. ಹುಡುಗ ಕೆಳಗಿಳಿದು ಅವನನ್ನು ಏಣಿಗೆ ಏರಿಸಿದ. ಆ ಮುದುಕ ಬದುಕಿಕೊಂಡ. ಹುಡುಗ ಇನ್ನೂ ಕೆಳಗಿರುವಾಗಲೇ ಗುಂಡಿಯ ಗೋಡೆ ಕುಸಿಯಿತು.

ವಿಚಾರಣೆಗೆ ಮೂವರು ಹಿರಿಯ ಎಂಜಿನಿಯರುಗಳನ್ನು ನೇಮಿಸಿದರು. ಕಂಪನಿಯವರು ಹೇಳಿದ್ದು ಇಷ್ಟೇ. ಹುಡುಗನಿಗೆ ಇಂಗ್ಲಿಷ್ ಸಾಲದು, ಅಪಾಯವಿದೆ ಎಂದು ನಮಗೆ ತಿಳಿಯುವ ಹಾಗೆ ಹೇಳಲು ಅವನಿಗೆ ಆಗಲಿಲ್ಲ. ಸತ್ತವನು ಎದ್ದು ಬಂದು ವಾದ ಮಾಡುವುದಿಲ್ಲವಲ್ಲ.

ಅಪ್ಪ ಅಂಗಡಿ ಮುಚ್ಚಿ ಮೇಷ್ಟ್ರ ಮನೆಗೆ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲಿಯೇ ನಿಂತ. “ಸರ್, ಹೋದ ಮಗ ಹೋದ, ಅವನನ್ನ ಯಾರೂ ವಾಪಸ್ ಕೊಡಲ್ಲ. ಆದ್ರೆ ಅವನಿಗೆ ಇಂಗ್ಲಿಷ್ ಬರ್ತಿರ್ಲಿಲ್ಲ, ಅದಕ್ಕೇ ಹಿಂಗಾಯ್ತು ಅಂತಾವ್ರೆ. ಅವನ ತಪ್ಪು ಅಂತಾವ್ರೆ. ಕಲಿಸಿದೋರು ನೀವು. ಬರ್ತಿತ್ತು ಅಂತ ಒಂದು ಮಾತು ಹೇಳಿ ಸರ್.”

ಮೇಷ್ಟ್ರು ಅವನ ಕೈ ಹಿಡಿದು, ಹೇಳುತ್ತೇನೆ ಎಂದರು. ಹುಡುಗನ ಹೆಸರಿಗೆ ಮಸಿ ಹತ್ತಲು ಬಿಡುವುದಿಲ್ಲ ಎಂದು ಅವರು ನಿಶ್ಚಯಿಸಿದ್ದರು.

ವಿಚಾರಣೆಯ ದಿನ ಆ ಬೆಳಗಿನ ಸಭೆಯ ಧ್ವನಿಮುದ್ರಣ ಹಾಕಿದರು. ಹುಡುಗನ ದನಿ ಕೇಳಿಸಿತು. ಮೊದಲು ಅವನು ಎಲ್ಲರಿಗೂ ನಮಸ್ಕಾರ ಹೇಳಿದ. ಮಧ್ಯೆ ಮಾತಾಡುತ್ತಿರುವುದಕ್ಕೆ ಕ್ಷಮೆ ಕೇಳಿದ. ಗುಂಡಿಯ ಅಂಚಿನಲ್ಲಿ ಕೆಲವು ಗೆರೆಗಳನ್ನು ಗಮನಿಸಿರುವೆನೆಂದೂ, ಬಹುಶಃ ಅದು ಗಂಭೀರವಾದುದಲ್ಲದೆಯೂ ಇರಬಹುದೆಂದೂ, ತಮಗೆ ಬಿಡುವಾದಾಗ ಅದನ್ನು ಒಮ್ಮೆ ಪರಿಶೀಲಿಸುವುದು ಒಳ್ಳೆಯದೇನೋ ಎಂದೂ ಹೇಳಿದ. ಕೊನೆಗೆ ಎಲ್ಲರಿಗೂ ಧನ್ಯವಾದ ಹೇಳಿದ. ಎಲ್ಲಿಯೂ ತಡವರಿಸಲಿಲ್ಲ. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಹುಡುಗ ಹೇಳಿದ್ದರಲ್ಲಿ ತಾವು ಕಲಿಸದ ಮಾತು ಒಂದೂ ಇರಲಿಲ್ಲ.

ನಿಮ್ಮ ಪರೀಕ್ಷೆಯ ಪ್ರಕಾರ ಈ ಮಾತಿಗೆ ಎಷ್ಟು ಅಂಕ, ಎಂದು ಹಿರಿಯರು ಕೇಳಿದರು. ಪೂರ್ತಿ ಅಂಕ, ಎಂದರು ಮೇಷ್ಟ್ರು. ಹಾಗಾದರೆ ಅವನಿಗೆ ಹೇಳಬೇಕಾದ್ದನ್ನು ಹೇಳುವಷ್ಟು ಇಂಗ್ಲಿಷ್ ಬರುತ್ತಿತ್ತು ಎಂದಾಯಿತು ಎಂದರು ಹಿರಿಯರು. ಹೌದು ಎಂದರು ಮೇಷ್ಟ್ರು. ಗುಂಡಿ ಕುಸಿಯುತ್ತದೆ, ಜನ ಸಾಯುತ್ತಾರೆ ಎಂದು ಈ ಮಾತಿನಲ್ಲಿ ಎಲ್ಲಿಯಾದರೂ ಇದೆಯೇ ಎಂದು ಹಿರಿಯರು ಕೇಳಿದರು. ಇಲ್ಲ ಎಂದರು ಮೇಷ್ಟ್ರು.

ಆಗ ಅವರಿಗೆ ಎಲ್ಲವೂ ತಿಳಿಯಿತು. ತಪ್ಪು ಹುಡುಗನದಲ್ಲ, ನನ್ನದು, ಹೀಗೆ ಹೇಳಲು ಕಲಿಸಿದವನೂ ನಾನೇ, ಅಂಕ ಕೊಟ್ಟವನೂ ನಾನೇ ಎಂದು ಹೇಳಿಬಿಡಬೇಕೆಂದು ಎದ್ದು ನಿಂತರು. ಎದುರಿಗೆ ದೊಡ್ಡವರು ಕೂತಿದ್ದರು. ಮೇಷ್ಟ್ರ ಬಾಯಿಂದ ಹೊರಟಿದ್ದೇ ಬೇರೆ. “ಕ್ಷಮಿಸಬೇಕು. ಪರೀಕ್ಷೆಯ ರಚನೆಯಲ್ಲಿಯೂ ಬಹುಶಃ ಒಂದಿಷ್ಟು ಸುಧಾರಣೆಗೆ ಅವಕಾಶವಿರಬಹುದು. ತಮಗೆ ಬಿಡುವಾದಾಗ ಅದನ್ನೂ ಪರಿಶೀಲಿಸಬಹುದೇನೋ.”

ಹಿರಿಯರು ಅವರಿಗೆ ಧನ್ಯವಾದ ಹೇಳಿ, ಮುಂದಿನ ಸಾಕ್ಷಿಯನ್ನು ಕರೆದರು.

ಆ ಸಾಕ್ಷಿ ಬದುಕಿಕೊಂಡ ಮುದುಕ. ಹುಡುಗ ಕೂಗಿದ್ದನ್ನೂ ತನ್ನನ್ನು ಏಣಿ ಹತ್ತಿಸಿದ್ದನ್ನೂ ಅವನು ಅಳುತ್ತಾ ಹೇಳಿದ. ಪಾಪ, ಹುಡುಗನಿಗೆ ಒಳ್ಳೆಯದಾಗಲಿ ಎಂದೇ ಹೇಳಿದ. ಅದೂ ಹುಡುಗನ ವಿರುದ್ಧವೇ ಹೋಯಿತು. ಅವನಿಗೆ ಅಪಾಯ ಗೊತ್ತಿತ್ತು, ಇಂಗ್ಲಿಷೂ ಬರುತ್ತಿತ್ತು, ಆದರೂ ಮೇಲಧಿಕಾರಿಗಳಿಗೆ ತಿಳಿಸಲಿಲ್ಲ, ಆದ್ದರಿಂದ ತಪ್ಪು ಸತ್ತವನದೇ ಎಂದು ಹಿರಿಯರು ತೀರ್ಮಾನಿಸಿದರು.

ಮುದುಕನ ಸಾಕ್ಷಿಯೊಂದನ್ನು ಬಿಟ್ಟರೆ ವಿಚಾರಣೆಯೆಲ್ಲ ಇಂಗ್ಲಿಷಿನಲ್ಲಿ ನಡೆದಿತ್ತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅಪ್ಪನಿಗೆ ಆ ಇಂಗ್ಲಿಷಿನಲ್ಲಿ ಅರ್ಥವಾದದ್ದು ಒಂದೇ. ಮೇಷ್ಟ್ರು ಫುಲ್ ಮಾರ್ಕ್ಸ್ ಎಂದಿದ್ದರು. ಹೊರಗೆ ಬಂದ ಮೇಷ್ಟ್ರಿಗೆ ಅವನು ಎರಡೂ ಕೈ ಮುಗಿದು, ನನ್ನ ಮಗನ ಮಾನ ಉಳಿಸಿದಿರಿ ಎಂದ. ಮೇಷ್ಟ್ರೂ ಕೈ ಮುಗಿದು ನಡೆದುಬಿಟ್ಟರು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಸರ್ವಮಂಗಳಾ ಕಣ್ಣೊರೆಸಿಕೊಂಡಳು. ಅವಳಿಗೆ ಮೇಷ್ಟ್ರ ಮೇಲೆ ಸಿಟ್ಟೂ ಬಂದಿತ್ತು, ಮರುಕವೂ ಬಂದಿತ್ತು. ಆದರೆ ಅವಳು ಕೇಳಿದ್ದಕ್ಕೆ ಇನ್ನೂ ಉತ್ತರ ಸಿಕ್ಕಿರಲಿಲ್ಲ.

“ಹಾಗಾದರೆ ಗುರುಗಳೇ, ಆ ಹುಡುಗನಿಗೆ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಬರುತ್ತಿತ್ತೋ, ಇಲ್ಲವೋ?”

“ಎಷ್ಟು ಚೆನ್ನಾಗಿ ಬರುತ್ತಿತ್ತು ಎಂದರೆ ತಾಯಿ, ಅವನು ಸಾವಿನ ಸುದ್ದಿ ಹೇಳಿದರೂ ಕೇಳಿದವರಲ್ಲಿ ಒಬ್ಬರಿಗೂ ಹೆದರಿಕೆಯಾಗಲಿಲ್ಲ.”