ಕೈಬಿಟ್ಟ ಹೆಸರು

ಹೊಳೆದಂಡೆಯಲ್ಲಿ ಒಂದು ಮಠ. ಮಠದಲ್ಲೊಬ್ಬರು ಸ್ವಾಮಿಗಳು, ಊರವರ ಬಾಯಲ್ಲಿ ಅಜ್ಜಾರು. ಕಾವಿ ಉಡುವ ಮೊದಲು ಅವರು ಟೆಲಿಫೋನ್ ಎಂಜಿನಿಯರ್ ಆಗಿದ್ದವರು. ಮಂತ್ರಕ್ಕಿಂತ ತಂತಿಯೇ ಹೆಚ್ಚು ಗೊತ್ತು ಎಂದು ಊರವರು ನಗುತ್ತಿದ್ದರು. ಅವರೂ ನಗುತ್ತಿದ್ದರು.

ಹೊಳೆಯ ಉದ್ದಕ್ಕೂ ಹನ್ನೊಂದು ಹಳ್ಳಿಗಳಲ್ಲಿ ಕಂಬ ನೆಟ್ಟು, ಕಂಬಕ್ಕೊಂದು ಬ್ಯಾಟರಿಯ ಪೆಟ್ಟಿಗೆ ಕಟ್ಟಿಸಿದ್ದರು. ಪೆಟ್ಟಿಗೆ ನೀರಿನ ಎತ್ತರ ಅಳೆದು ರೇಡಿಯೋ ಮೂಲಕ ಮಠದ ಯಂತ್ರಕ್ಕೆ ಹೇಳಬೇಕು. ನೀರು ಏರಿತೆಂದರೆ ಮಠದ ಟ್ರ್ಯಾಕ್ಟರ್ ಆ ಊರಿಗೆ ಓಡಬೇಕು.

ಯಾವ ಪೆಟ್ಟಿಗೆ ಏನು ಹೇಳುತ್ತದೆ, ನೀರಿನ ಎತ್ತರವನ್ನು ಯಾವ ಹೆಸರಿನಿಂದ ಕರೆಯುತ್ತದೆ ಎಂಬ ಪಟ್ಟಿಯನ್ನು ಅಜ್ಜಾರೇ ಮೂವತ್ತು ವರ್ಷದ ಹಿಂದೆ ಅಂದಿನ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದರು. ಆ ಭಾಷೆ ಹಳತಾಯಿತು. ಮಠಕ್ಕೆ ಬಂದ ಹೊಸ ಯಂತ್ರಕ್ಕೆ ಅದು ತಿಳಿಯದು.

ಪಟ್ಟಿಯನ್ನು ಹೊಸ ಭಾಷೆಗೆ ತರುವ ಕೆಲಸ ಶಿಷ್ಯೆ ಮಹಾನಂದಾಳ ಪಾಲಿಗೆ ಬಂತು. ಹುಡುಗಿ ಜಾಣೆ. ತುಸು ಹೆಚ್ಚೇ ಜಾಣೆ ಎನ್ನಿ.

"ಮುಗೀತ್ರೀ ಅಜ್ಜಾರ. ಹೊಸಾ ಪಟ್ಟಿ ಯಂತ್ರಕ್ಕ ಹಾಕೀನಿ. ನಿಮ್ಮದಕ್ಕಿಂತ ಚೊಕ್ಕ ಐತಿ."

"ಎಲ್ಲಾ ಬಂತೇನು?"

"ಬೇಕಾದ್ದೆಲ್ಲಾ ಬಂತ್ರಿ. ಬ್ಯಾಡಾದ್ದು ಬಿಟ್ಟೆ."

ಅಜ್ಜಾರು ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ಪ್ರಸಾದದ ಗಂಟೆ ಹೊಡೆಯಿತು. ಹಸಿವು ಯಾರನ್ನು ಬಿಟ್ಟೀತು? ಇಬ್ಬರೂ ಎದ್ದರು.

ಮೂರನೆಯ ದಿನ ಮಧ್ಯಾಹ್ನ. ಹೊಳೆ ಕೆಂಪಗೆ ಹರಿಯುತ್ತಿತ್ತು. ಯಂತ್ರ ಮಾತ್ರ ಯಾವ ಊರಲ್ಲೂ ಭಯವಿಲ್ಲ ಎನ್ನುತ್ತಿತ್ತು. ಮಹಾನಂದಾ ಬಾಗಿಲಲ್ಲಿ ಕುಳಿತಿದ್ದಳು. ಸೊಂಟದವರೆಗೆ ತೊಯ್ದ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಬಂದಳು.

"ಕಲ್ಯಾ! ಏ ಕಲ್ಯಾ! ಎಲ್ಲಿ ಸತ್ತೀಯೋ?"

"ಯಾರು ಬೇಕಾಗಿತ್ತು ಯಮ್ಮಾ?"

"ಕಲ್ಯಾ ಬೇಕು."

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲ."

"ಹೆಂಗ ಇಲ್ಲ? ನನ್ನ ಕಂಕುಳಾಗ ಬೆಳದಾಂವ. ನಾ ಅವನ ಅಕ್ಕ, ದ್ಯಾಮವ್ವ."

ಮಹಾನಂದಾಳಿಗೆ ಆಗ ತಿಳಿಯಿತು. "ಅಯ್ಯ, ಅಜ್ಜಾರನ್ನ ಕೇಳಾಕ್ಹತ್ತೀಯೇನು? ಕಾವಿ ಉಟ್ಟ ದಿನಾನ ಆ ಹೆಸರು ಹೋತು. ಹಂಗ ಕರೀಬಾರದು. ಅವರು ಪೂಜಾಕ್ಕ ಕುಂತಾರ. ನೀನೂ ಅಲ್ಲಿ ಕುಂದ್ರು."

"ಕುಂದ್ರಾಕ ಪುರಸೊತ್ತಿಲ್ಲ ಬೇ!"

ಮುದುಕಿ ಕಂಬ ಹಿಡಿದು, ಇದ್ದ ಉಸಿರೆಲ್ಲ ಒಟ್ಟುಗೂಡಿಸಿ ಕೂಗಿದಳು. "ಕಲ್ಯಾ!"

"ಓ! ಬಂದೆ ಯಕ್ಕಾ!"

ಅಜ್ಜಾರು ಪೂಜೆಯನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದರು.

"ನಮ್ಮ ತೊರಗಟ್ಟಿ ಊರ ಅಗಸಿ ಬಾಗಿಲೊಳಗ ನೀರು ಬಂತೋ. ಕರೆಂಟಿಲ್ಲ, ಫೋನಿಲ್ಲ. ನಿನ್ನ ಪೆಟ್ಟಿಗಿ ಹೇಳ್ತೈತಿ, ಟ್ರ್ಯಾಕ್ಟರ್ ಬರ್ತೈತಿ ಅಂತ ಮುಂಜಾನಿಂದ ದಾರಿ ಕಾದ್ವಿ. ಯಾರೂ ಬರಲಿಲ್ಲ. ಒಡ್ಡಿನ ಮ್ಯಾಲಿಂದ ನಾನ ನಡಕೊಂಡು ಬಂದೆ."

ಅಜ್ಜಾರು ತಾವೇ ಟ್ರ್ಯಾಕ್ಟರ್ ಹತ್ತಿದರು. ಸಂಜೆಯೊಳಗೆ ಅರವತ್ತು ಮನೆಯ ಜನ, ದನ, ಕೋಳಿ ಎಲ್ಲ ಮಠದ ಅಂಗಳ ಸೇರಿದವು. ಪುಣ್ಯಕ್ಕೆ ಒಂದು ಜೀವಕ್ಕೂ ಏನೂ ಆಗಲಿಲ್ಲ.

ಮಹಾನಂದಾ ಹಳೇ ಪಟ್ಟಿ ತೆಗೆದು ನೋಡಿದಳು. ತೊರಗಟ್ಟಿಯದು ಎಲ್ಲಕ್ಕಿಂತ ಹಳೇ ಪೆಟ್ಟಿಗೆ. ನೀರಿನ ಎತ್ತರವನ್ನು ಕರೆಯಲು ಅದಕ್ಕೆ ಗೊತ್ತಿದ್ದದ್ದು ಒಂದೇ ಹಳೇ ಹೆಸರು. ಆಮೇಲಿನ ಪೆಟ್ಟಿಗೆಗಳಿಗೆ ಬೇರೆ ಹೆಸರು ಬಂದಿತ್ತು. ಆದ್ದರಿಂದ ಈ ಹೆಸರಿನ ಮುಂದೆ ಅಜ್ಜಾರು 'ಕೈಬಿಟ್ಟದ್ದು' ಎಂದು ಬರೆದಿದ್ದರು.

ಅಳುತ್ತ ಅಜ್ಜಾರ ಮುಂದೆ ಬಂದು ನಿಂತಳು.

"ಆ ಹೆಸರನ್ನ ನಾ ಹೊಸಾ ಪಟ್ಟಿಗೆ ತರಲಿಲ್ಲರೀ. ಪೆಟ್ಟಿಗಿ ಮುಂಜಾನಿಂದ ಹೇಳೇ ಹೇಳೇತಿ. ಯಂತ್ರಕ್ಕ ತಿಳಿದಿಲ್ಲ. ಒಂದು ಊರ ಮುಳುಗಿಸ್ತಿದ್ದೆ ನಾನು."

"ಯಾಕ ಬಿಟ್ಟಿ?"

"ಕೈಬಿಟ್ಟದ್ದು ಅಂತ ನೀವ ಬರದಿದ್ರಲ್ರೀ."

"ಬರದಿದ್ದೆ. ಇನ್ನ ಮುಂದ ಹೊಸಾ ಪೆಟ್ಟಿಗಿಗೆ ಈ ಹೆಸರು ಇಡಬ್ಯಾಡ್ರಿ ಅಂತ ಅದರರ್ಥ. ಅಷ್ಟು ಬಿಡಿಸಿ ಬರೀಲಿಲ್ಲ. ತಪ್ಪು ನಂದೂ ಐತಿ, ಅಳಬ್ಯಾಡ."

ಮಹಾನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ಒಂದು ಮಾತು ಒಳಗೆ ಕೊರೆಯುತ್ತಿತ್ತು.

"ಅಜ್ಜಾರ, ಕಾವಿ ಉಟ್ಟವರು ಹಿಂದಿನ ಹೆಸರಿಗೆ ಓಗೊಡಬಾರದು ಅಂತ ನೀವ ಕಲಿಸಿದ್ರಿ. ಇವತ್ತ ಯಾಕ ಓ ಅಂದ್ರಿ?"

ಅಂಗಳದಿಂದ ದ್ಯಾಮವ್ವನ ದನಿ ಕೇಳಿತು. "ಕಲ್ಯಾ, ಉಂಡಿಯೇನೋ?"

"ಓ, ಬಂದೆ ಯಕ್ಕಾ!" ಎನ್ನುತ್ತ ಅಜ್ಜಾರು ಎದ್ದರು. ಹೊಸ್ತಿಲಲ್ಲಿ ನಿಂತು ಶಿಷ್ಯೆಯ ಕಡೆ ತಿರುಗಿದರು.

"ಆ ಹೆಸರು ನಾ ಬಿಟ್ಟೀನಿ ಮಗಳ. ಆಕಿ ಬಿಟ್ಟಿಲ್ಲಲ್ಲ."