ರತ್ನಗಂಬಳಿಯ ಮೇಲಿನ ಕಲೆ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಗುರುಗಳೇ, ನಮ್ಮವರ ಕುಂದು ಲೋಕದ ಕಣ್ಣಿಗೆ ಬೀಳದಂತೆ ಮುಚ್ಚಿಡುವುದು ಪ್ರೀತಿಯಲ್ಲವೇ?”

ಏಕೆ ಕೇಳುತ್ತಿದ್ದೀಯೆ ಎಂದು ಗುರುಗಳು ವಿಚಾರಿಸಲಿಲ್ಲ. ಕುಳಿತುಕೋ ಎಂದು ಹೇಳಿ ಈ ಕತೆಯನ್ನು ಹೇಳಿದರು.

ಹೊಳೆಯ ದಂಡೆಯ ಪೇಟೆಯೊಂದರಲ್ಲಿ ಒಬ್ಬ ಅರಿವೆ ವ್ಯಾಪಾರಿ ಇದ್ದ. ಅವನ ಹೆಂಡತಿಯ ಹೆಸರು ಶಿವಗಂಗವ್ವ. ಅವರ ಪಡಸಾಲೆಯಲ್ಲಿ ಒಂದು ರತ್ನಗಂಬಳಿ ಇತ್ತು. ವ್ಯಾಪಾರಿ ಅದನ್ನು ದೂರದ ಊರಿನಿಂದ ತಂದಿದ್ದ. ತಿಳಿಯಾದ ಕೆನೆಬಣ್ಣದ ಉಣ್ಣೆ. ಅಂಚಿಗೆ ಮಾತ್ರ ಬಳ್ಳಿ. ಅಂಥ ಬಣ್ಣದ ಮೇಲೆ ಏನು ಬಿದ್ದರೂ ಕಾಣುತ್ತದೆ. ಆದರೆ ಆ ಕಂಬಳಿಯ ಮೇಲೆ ಯಾರೂ ಎಂದೂ ಒಂದು ಕಲೆ ಕಂಡದ್ದಿಲ್ಲ. ಅದು ಶಿವಗಂಗವ್ವನ ಕೈಗುಣ.

ಕಲೆ ತೆಗೆಯುವುದರಲ್ಲಿ ಅವಳನ್ನು ಮೀರಿಸುವವರು ಆ ಪೇಟೆಯಲ್ಲಿ ಇರಲಿಲ್ಲ. ಮದುವೆ ಮುಂಜಿ ಮುಗಿದ ಮೇಲೆ ಹೆಂಗಸರು ತಮ್ಮ ಜಮಖಾನೆಗಳನ್ನು ಸುತ್ತಿಕೊಂಡು ಅವಳ ಮನೆಗೆ ಬರುತ್ತಿದ್ದರು. ಒಂದರ ಮೇಲೆ ಕಾಡಿಗೆ, ಒಂದರ ಮೇಲೆ ಕುಂಕುಮ, ಇನ್ನೊಂದರ ಮೇಲೆ ಮದುಮಗಳ ತಲೆಯಿಂದ ಇಳಿದ ಎಣ್ಣೆ. ಶಿವಗಂಗವ್ವ ಎಲ್ಲರಿಗೂ ಮೊದಲು ಹೇಳುತ್ತಿದ್ದುದು ಒಂದೇ ಮಾತು: “ತಿಕ್ಕಬೇಡಿರಿ. ತಿಕ್ಕಿದರೆ ಕಲೆ ಒಳಕ್ಕೆ ಹೋಗುತ್ತದೆ.” ಒಣ ಬಟ್ಟೆಯನ್ನು ಕಲೆಯ ಮೇಲೆ ಒತ್ತಿ ಒತ್ತಿ ಎತ್ತುತ್ತಿದ್ದಳು. ಎಣ್ಣೆಯ ಅಂಶವಿದ್ದರೆ ಕಡಲೆಹಿಟ್ಟು ಉದುರಿಸಿ, ಅದು ಎಣ್ಣೆ ಹೀರುವವರೆಗೆ ಬಿಟ್ಟು, ಆಮೇಲೆ ಕೊಡವುತ್ತಿದ್ದಳು. ಕೊನೆಗೆ ತಣ್ಣೀರಿನಲ್ಲಿ ಕದಡಿದ ಅಂಟುವಾಳದ ನೊರೆಯಲ್ಲಿ ಬಟ್ಟೆ ಅದ್ದಿ, ಹೊರಗಿನಿಂದ ಒಳಕ್ಕೆ, ಕಲೆ ಹರಡದಂತೆ ಒತ್ತುತ್ತಿದ್ದಳು. ಅರಿಶಿನದ ಕಲೆಗೆ ಮಾತ್ರ ಸಾಬೂನು ಮುಟ್ಟಿಸುತ್ತಿರಲಿಲ್ಲ, ಮುಟ್ಟಿಸಿದರೆ ಕೆಂಪಾಗುತ್ತದೆ. ಅದನ್ನು ಬಿಸಿಲಿಗೆ ಒಪ್ಪಿಸುತ್ತಿದ್ದಳು.

ವ್ಯಾಪಾರಿಗೆ ಒಬ್ಬಳೇ ಮಗಳು. ಹೆಸರು ಕಸ್ತೂರಿ. ಲಂಗ ಉಡುವ ವಯಸ್ಸಿನಲ್ಲಿ ಅವಳ ತುಟಿಯ ಅಂಚಿನಲ್ಲಿ ಒಂದು ಬಿಳಿ ಮಚ್ಚೆ ಕಾಣಿಸಿತು. ವರ್ಷ ಕಳೆಯುವುದರಲ್ಲಿ ಕೆನ್ನೆಗೆ ಬಂತು. ಆಮೇಲೆ ಹಣೆಯ ಮೇಲೂ ಬಂತು. ವೈದ್ಯರು ನೋಡಿ, “ಇದು ಅಂಟುವ ರೋಗವಲ್ಲ, ಮಗುವಿಗೆ ಇದರಿಂದ ನೋವೂ ಇಲ್ಲ, ಸುಮ್ಮನೆ ಬಿಟ್ಟುಬಿಡಿ” ಎಂದರು. ಕಸ್ತೂರಿ ಸುಮ್ಮನೆ ಬಿಟ್ಟಿದ್ದಳು. ಬೀದಿಯಲ್ಲಿ ಯಾರಾದರೂ ಕೇಳಿದರೆ, “ಮೋಡ ಬಂದು ಕೂತಿದೆ” ಎಂದು ನಕ್ಕು ಓಡುತ್ತಿದ್ದಳು.

ಬಿಡಲಾಗದೆ ಹೋದವಳು ಶಿವಗಂಗವ್ವ. ಅವಳಿಗೆ ಭಯವಿತ್ತು. ಆ ಭಯಕ್ಕೆ ಕಾರಣವೂ ಇತ್ತು. ಅವಳ ತವರಿನಲ್ಲಿ ಒಬ್ಬ ಚಿಕ್ಕಮ್ಮನಿಗೆ ಇಂಥದೇ ಮಚ್ಚೆ ಇತ್ತು. ಆ ಹೆಣ್ಣಿಗೆ ಮದುವೆಯಾಗಲಿಲ್ಲ. ಅವಳ ತಟ್ಟೆ ಬೇರೆ, ಚಾಪೆ ಬೇರೆ. ಹಬ್ಬದ ದಿನ ಮನೆತುಂಬ ಜನ ಸೇರಿದಾಗ ಅವಳು ಹಿತ್ತಲ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಎಳೆಯ ಶಿವಗಂಗವ್ವ ಬಾಗಿಲ ಸಂದಿನಿಂದ ಹೋಳಿಗೆ ಕೊಟ್ಟು ಬರುತ್ತಿದ್ದಳು. ಆ ಸಂದಿನಿಂದ ಹೊರಬರುತ್ತಿದ್ದ ಕೈಯನ್ನು ಅವಳು ಮರೆತಿರಲಿಲ್ಲ.

ಆದ್ದರಿಂದ ಅವಳು ಒಂದು ಲೇಪ ಕಲಸಿದಳು. ಕಾವಿ, ಗಂಧ, ಸ್ವಲ್ಪ ಜೇನುಮೇಣ, ಕೊಬ್ಬರಿ ಎಣ್ಣೆ. ಮಗಳ ಮೈಬಣ್ಣಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಕಲಸಿದಳು. ಬೆಳಕು ಹರಿಯುವ ಮೊದಲು ಮಗಳನ್ನು ಎಬ್ಬಿಸಿ ತಾನೇ ಹಚ್ಚುತ್ತಿದ್ದಳು. ಹಚ್ಚಿದ ಮೇಲೆ ಕಸ್ತೂರಿ ಬಿಸಿಲಿಗೆ ಹೋಗುವಂತಿಲ್ಲ, ಬೆವರುವಂತಿಲ್ಲ, ಬಾಯಿತುಂಬ ನಗುವಂತಿಲ್ಲ. ಪೇಟೆಯ ಜನ, ಮಚ್ಚೆ ವಾಸಿಯಾಯಿತಂತೆ ಎಂದರು. ಶಿವಗಂಗವ್ವ ಹೌದೆಂದಳು.

ಆದರೆ ಲೇಪ ಎಷ್ಟಾದರೂ ಲೇಪ. ಕಸ್ತೂರಿ ಮಧ್ಯಾಹ್ನ ರತ್ನಗಂಬಳಿಯ ಮೇಲೆ ಒರಗಿದರೆ ಅಲ್ಲೊಂದು ಕಂದು ಕಲೆ ಬೀಳುತ್ತಿತ್ತು. ಅವಳು ಏಳುವುದನ್ನೇ ಕಾದು ಶಿವಗಂಗವ್ವ ಬಟ್ಟೆ ತರುತ್ತಿದ್ದಳು, ಹಿಟ್ಟು ತರುತ್ತಿದ್ದಳು. ಬೈಯುತ್ತಿರಲಿಲ್ಲ. ಒಂದು ಕಠಿಣ ಮಾತನ್ನೂ ಆಡುತ್ತಿರಲಿಲ್ಲ. ಮಗಳು ಮಲಗಿದ್ದ ಜಾಗ ಸಂಜೆಯ ಹೊತ್ತಿಗೆ ಯಾರೂ ಮಲಗಿರದ ಜಾಗದಂತೆ ಆಗುತ್ತಿತ್ತು. ಕಸ್ತೂರಿ ಕಂಬದ ಪಕ್ಕ ನಿಂತು ಅದನ್ನು ನೋಡುತ್ತಿದ್ದಳು. ಬರಬರುತ್ತ ಅವಳು ಒರಗುವುದನ್ನೇ ಬಿಟ್ಟಳು.

ಮದುವೆಯ ವಯಸ್ಸು ಬಂತು. ಬೇರೆ ಊರಿನ ಎಣ್ಣೆ ವ್ಯಾಪಾರಿಯೊಬ್ಬರ ಮನೆಯಿಂದ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅವರಿಗೆ ಮಚ್ಚೆಯ ಸುದ್ದಿ ಗೊತ್ತಿರಲಿಲ್ಲ.

ಕಸ್ತೂರಿ ಹೇಳಿದಳು: “ಅವ್ವಾ, ಬಂದವರಿಗೆ ಹೇಳಿಬಿಡೋಣ. ಒಪ್ಪಿದರೆ ಒಪ್ಪಲಿ, ಇಲ್ಲದಿದ್ದರೆ ಇಲ್ಲ.”

“ಮೂರು ಗಂಟು ಬೀಳಲಿ ಮಗಳೇ, ಆಮೇಲೆ ನಾನೇ ಹೇಳುತ್ತೇನೆ” ಎಂದಳು ಶಿವಗಂಗವ್ವ.

ಅವರು ಬಂದರು. ಹುಡುಗ, ಅವನ ತಂದೆ ತಾಯಿ, ಅಜ್ಜಿ. ಕಡು ಬೇಸಿಗೆ. ರತ್ನಗಂಬಳಿಯ ಮೇಲೆ ಎಲ್ಲರೂ ಕುಳಿತರು. ಕಸ್ತೂರಿ ಪಾನಕದ ಲೋಟಗಳನ್ನು ಇಟ್ಟಳು. ಮಾತು ಚೆನ್ನಾಗಿಯೇ ನಡೆಯಿತು. ಅಜ್ಜಿಗೆ ಹುಡುಗಿ ಹಿಡಿಸಿದಳು. “ಬಾರವ್ವ, ನಮಸ್ಕಾರ ಮಾಡು” ಎಂದು ಕರೆದಳು. ಕಸ್ತೂರಿ ಮೊಣಕಾಲೂರಿ ಅಜ್ಜಿಯ ಮುಂದೆ ಹಣೆಯನ್ನು ಕಂಬಳಿಗೆ ಮುಟ್ಟಿಸಿದಳು. ಬೆವರಿಗೆ ಲೇಪ ಸಡಿಲವಾಗಿತ್ತು. ಅವಳು ತಲೆ ಎತ್ತಿದಾಗ ಹಣೆಯ ಬಣ್ಣ ಕಂಬಳಿಯ ಮೇಲೆ ಉಳಿಯಿತು; ಹಣೆಯ ಮೇಲೆ ಬಿಳಿ ಮಚ್ಚೆ ಕಂಡಿತು.



ಆ ಗಳಿಗೆಯಲ್ಲಿ ಶಿವಗಂಗವ್ವ ಏನು ಮಾಡಿದಳು? ವರ್ಷಗಟ್ಟಲೆ ಮಾಡಿದ್ದನ್ನೇ ಅವಳ ಕೈ ಮಾಡಿತು. ಸೆರಗಿನ ಅಂಚು ಹಿಡಿದು ಬಗ್ಗಿ, ಕಂಬಳಿಯ ಮೇಲಿನ ಕಲೆಯನ್ನು ಒತ್ತತೊಡಗಿದಳು. “ದೀಪದ ಎಣ್ಣೆ ಚೆಲ್ಲಿತ್ತು, ಅದೇ ಇರಬೇಕು” ಎಂದಳು. ಆ ಕಲೆಯನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರು. ಹುಡುಗಿ ಅಪರಿಚಿತರ ನಡುವೆ, ಅರ್ಧ ಬಣ್ಣ ಹೋದ ಮುಖದಲ್ಲಿ, ಒಬ್ಬಳೇ ಮೊಣಕಾಲ ಮೇಲೆ ಕುಳಿತಿದ್ದಳು. ತಾಯಿ ಅವಳಿಗೆ ಬೆನ್ನು ಮಾಡಿದ್ದಳು.

ಕಸ್ತೂರಿ ಎದ್ದು ಹಿತ್ತಲಿಗೆ ಹೋದಳು. ಸೀಗೆಪುಡಿ ಹಚ್ಚಿ ಮುಖವನ್ನು ಪೂರ್ತಿ ತೊಳೆದು, ಒದ್ದೆ ಮುಖದಲ್ಲೇ ಬಂದು ಅವರ ಎದುರು ಕುಳಿತಳು. ಅಜ್ಜಿ ಒಂದಷ್ಟು ಹೊತ್ತು ನೋಡಿ, “ಹೋಗಿ ಬರುತ್ತೇವವ್ವ” ಎಂದಳು. ಕಸ್ತೂರಿಯ ತಂದೆ ಅವರನ್ನು ಬಾಗಿಲವರೆಗೆ ಕಳಿಸಿ ಬಂದು ಅಂಗಡಿಗೆ ಹೊರಟುಹೋದ. ಆ ಮನೆಯಿಂದ ಮತ್ತೆ ಮಾತು ಬರಲಿಲ್ಲ.

ಸಂಜೆಯವರೆಗೂ ಶಿವಗಂಗವ್ವ ಕಂಬಳಿಯ ಪಕ್ಕದಲ್ಲೇ ಇದ್ದಳು.

“ಹೋಯಿತೇನವ್ವಾ?” ಎಂದು ಕಸ್ತೂರಿ ಕೇಳಿದಳು.

“ಹೋಯಿತು. ಗುರುತೂ ಉಳಿದಿಲ್ಲ” ಎಂದಳು ತಾಯಿ.

“ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನೀನು ಕಂಬಳಿ ನೋಡುತ್ತಿದ್ದೆ.”

“ನಿನ್ನ ಬಾಳು ಉಳಿಯಲೆಂದೇ ಬಗ್ಗಿದೆ, ಮಗಳೇ.”

“ಗೊತ್ತವ್ವಾ” ಎಂದಳು ಕಸ್ತೂರಿ. ಅವಳಿಗೆ ನಿಜವಾಗಿಯೂ ಗೊತ್ತಿತ್ತು.

ಆ ಮಳೆಗಾಲದಲ್ಲಿ ಅವಳು ಸೋದರತ್ತೆಯ ಊರಿಗೆ ಹೋದಳು. ಸೋದರತ್ತೆ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಕಸ್ತೂರಿ ಅಲ್ಲಿ ಕಲಿತಳು, ಆಮೇಲೆ ಕಲಿಸಿದಳು. ಲೇಪದ ಭರಣಿಯನ್ನು ಒಯ್ದಿರಲಿಲ್ಲ. ಆ ಊರಿನ ಶಾಲೆಯ ಮಾಸ್ತರನೊಬ್ಬ ಅವಳನ್ನು ಅವಳ ಮುಖದೊಂದಿಗೇ ಕಂಡ, ಕೇಳಿದ, ಮದುವೆಯಾದ. ಮದುವೆ ಸೋದರತ್ತೆಯ ಮನೆಯ ಅಂಗಳದಲ್ಲೇ ನಡೆಯಿತು. ಶಿವಗಂಗವ್ವ ಅಕ್ಷತೆ ಹಾಕಿದಳು. ಮದುಮಗಳ ಬರಿಯ ಮುಖ ಕಂಡಾಗಲೆಲ್ಲ ಅವಳ ಬೆರಳು ತಾನಾಗಿಯೇ ಭರಣಿಯನ್ನು ಹುಡುಕುತ್ತಿತ್ತು. ಯಾರೋ ಏನೋ ತಮಾಷೆ ಮಾಡಿದರು. ಕಸ್ತೂರಿ ಬಾಯ್ತುಂಬ ನಕ್ಕಳು. ಅವಳ ಕೆಳಗಿನ ಎರಡು ಹಲ್ಲುಗಳು ಒಂದರ ಮೇಲೊಂದು ಏರಿದ್ದವು. ಅದು ಶಿವಗಂಗವ್ವನಿಗೆ ಗೊತ್ತೇ ಇರಲಿಲ್ಲ.

ಕಸ್ತೂರಿ ಹಬ್ಬಕ್ಕೆ ತವರಿಗೆ ಬರುತ್ತಿದ್ದಳು. ಸಿಟ್ಟು ಇರಲಿಲ್ಲ. ತಾಯಿಗೆ ಕುಪ್ಪಸ ಹೊಲಿದು ತರುತ್ತಿದ್ದಳು. ಆದರೆ ಪಡಸಾಲೆಗೆ ಬಂದರೆ ಬಾಗಿಲ ಬಳಿಯ ಬರಿ ನೆಲದ ಮೇಲೆ ಕೂರುತ್ತಿದ್ದಳು.

“ಕಂಬಳಿಯ ಮೇಲೆ ಕೂಡು, ಮಗಳೇ.”

“ಇಲ್ಲೇ ತಂಪಾಗಿದೆ, ಅವ್ವಾ.”

ಒಂದು ಸಲ ಮಗಳು ಬಂದು ಹೋದ ಮೇಲೆ ಶಿವಗಂಗವ್ವ ರತ್ನಗಂಬಳಿಯನ್ನು ಅಂಗಳದ ಬಿಸಿಲಿಗೆ ಹಾಸಿದಳು. ಮೊಣಕಾಲೂರಿ, ಮೂಲೆಯಿಂದ ಮೂಲೆಗೆ, ಉಣ್ಣೆಯನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದಳು. ಮಗಳು ಒರಗಿ ಹಾಡು ಗುನುಗುತ್ತಿದ್ದ ಜಾಗ ಯಾವುದು, ನಿದ್ದೆ ಹೋಗುತ್ತಿದ್ದ ಜಾಗ ಯಾವುದು, ಕೊನೆಯ ಸಲ ಹಣೆ ಇಟ್ಟ ಜಾಗ ಯಾವುದು ಎಂದು ಹುಡುಕಿದಳು. ಕಂದುಬಣ್ಣದ ಒಂದು ಎಳೆಯಾದರೂ ಸಿಗಬಹುದೆಂದು ತಿರುವಿ ಹಾಕಿ ಬೆನ್ನಿನ ಕಡೆಯೂ ನೋಡಿದಳು. ಏನೂ ಸಿಗಲಿಲ್ಲ. ಅವಳ ಕೆಲಸ ಅಷ್ಟು ಚೊಕ್ಕವಾಗಿತ್ತು. ವ್ಯಾಪಾರಿ ಅಂಗಡಿಯಿಂದ ಬಂದು, ಏನು ಕಳೆದಿದೆ ಎಂದು ಕೇಳಿದ. ಅವಳು ಕಂಬಳಿಯನ್ನು ಇನ್ನೊಮ್ಮೆ ತಿರುವಿ ಹಾಕಿದಳು.

ಅಲ್ಲಿಂದ ಮುಂದೆ ಅವಳು ಯಾರ ಜಮಖಾನೆಯನ್ನೂ ತೆಗೆದುಕೊಳ್ಳಲಿಲ್ಲ. ನೆರೆಯವಳೊಬ್ಬಳು ಮೊಮ್ಮಗಳು ಕಾಡಿಗೆ ಚೆಲ್ಲಿದ ಜಮಖಾನೆ ತಂದಳು. “ಮಗು ಎಲ್ಲಿದೆ?” ಎಂದು ಶಿವಗಂಗವ್ವ ಕೇಳಿದಳು. ಬೈದದ್ದಕ್ಕೆ ಮೂಲೆಯಲ್ಲಿ ಕುಳಿತಿದೆ ಎಂದಳು ನೆರೆಯವಳು. “ಮೊದಲು ಮಗುವನ್ನು ಎತ್ತಿಕೋ ಹೋಗು” ಎಂದು ಶಿವಗಂಗವ್ವ ಜಮಖಾನೆಯನ್ನು ಹಿಂದಕ್ಕೆ ಕೊಟ್ಟಳು. ನೆರೆಯವಳಿಗೆ ಕೋಪ ಬಂತು. ವಯಸ್ಸಾಯಿತು, ಕೈ ಸೋತಿದೆ, ಸೊಕ್ಕು ಮಾತ್ರ ಹೋಗಿಲ್ಲ ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗಿದಳು. ಶಿವಗಂಗವ್ವ ಅದನ್ನು ಕೇಳಿಸಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಮಗಳು ತಾಯಿಯನ್ನು ಕ್ಷಮಿಸಿದಳೇ, ಗುರುಗಳೇ?”

“ಎಂದೋ ಕ್ಷಮಿಸಿದ್ದಳು; ಆದರೆ ತಂದೆ ತೀರಿಕೊಂಡ ದಿನ ಅವಳು ಸೋದರತ್ತೆಯ ಹೆಗಲ ಮೇಲೆ ತಲೆಯಿಟ್ಟು ಅತ್ತಳು, ತಾಯಿಯ ಎದುರಿಗೆ ಬರುವಾಗ ಮುಖ ಒರೆಸಿಕೊಂಡು ಬಂದಳು.”